ಅಮ್ಮನ ಚೀಲದಲ್ಲಿ ನೆಟ್‌ವರ್ಕ್

ಅಂಗೈಯಲ್ಲಿ ಹಿಡಿಸುವಂಥ ಕಪ್ಪು ಡಬ್ಬಿ ಅದು. ಮುಂಬಯಿಯ ಪರೇಲಿನಲ್ಲಿ ನಮ್ಮ ಆಫೀಸಿನ ಎದುರು ಗಲ್ಲಿಯ ಅಂಗಡಿಯವನು ಅದನ್ನು ಬಾಡಿಗೆಗೆ ಕೊಡುವಾಗ, "ಸಾಬ್, ಇದೊಂದು ಜೊತೆಗಿದ್ದರೆ ಪರದೇಶದಲ್ಲೂ ನೀವು ಮನೆಯಲ್ಲೇ ಇದ್ದಂತೆ" ಎಂದ. ಮನೆಯಲ್ಲೇ ಇದ್ದಂತೆ ಇರುವುದಕ್ಕೆ ಪರದೇಶಕ್ಕೆ ಯಾಕಪ್ಪಾ ಹೋಗಬೇಕು ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಆ ದಿನ ಬೆಳಗಿನಿಂದ ನಮ್ಮ ಕಟ್ಟಡದ ಲಿಫ್ಟು ಕೆಟ್ಟು ನಿಂತಿತ್ತು, ಮಾತಾಡುವ ತ್ರಾಣ ಇರಲಿಲ್ಲ. ಚಾರ್ಜರ್, ವಯರು, ಪಾಸ್‌ವರ್ಡ್ ಬರೆದ ಚೀಟಿ ಎಲ್ಲ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ನಾನು ಕೆಲಸ ಮಾಡುವುದು ಒಂದು ಗಾಜಿನ ಕಟ್ಟಡದಲ್ಲಿ. ಲಿಫ್ಟು, ಏಸಿ, ನೀರಿನ ಪಂಪು, ಸೋರುವ ನಲ್ಲಿ, ಯಾವುದು ಕೆಟ್ಟರೂ ಫೋನು ನನಗೇ. ಅದೇ ಜಾಗದಲ್ಲಿ ಹಿಂದೆ ಮಿಲ್ಲಿತ್ತು. ಅಬ್ಬಾ ಅಲ್ಲಿ ಮಗ್ಗದ ಮುಂದೆ ನಿಂತು ಆಯುಷ್ಯ ಕಳೆದರು. ವಿಜಯಪುರದ ಕಡೆಯ ಹಳ್ಳಿಯಿಂದ ಮಿಲ್ಲಿಗೆಂದು ಬಂದವರು ಅಬ್ಬಾ, ಅವರ ಹಿಂದೆ ಬಂದವಳು ಅಮ್ಮ. ಅಬ್ಬಾ ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಮನೆಯಲ್ಲಿ ದಖನಿ ಉರ್ದುವೂ ಕನ್ನಡವೂ ಬೆರೆತೇ ಓಡಾಡುತ್ತವೆ. ಆದರೆ ಸಿಟ್ಟು ಮಾಡುವುದಕ್ಕೂ ಸಲಿಗೆಗೂ ಅಮ್ಮನಿಗೆ ಕನ್ನಡವೇ ಬೇಕು. ನಾನು ಕಾರ್ಪೊರೇಷನ್ನಿನ ಕನ್ನಡ ಶಾಲೆಯಲ್ಲಿ ಓದಿದವನಾದ್ದರಿಂದ ನನಗೂ ಅದೇ ಒಗ್ಗಿದೆ.

ಆಂಟಾಪ್ ಹಿಲ್‌ನಲ್ಲಿ ನಾವಿರುವ ಕಾಲೊನಿಯ ಬಿಲ್ಡಿಂಗುಗಳೆಲ್ಲ ಒಂದೇ ಥರ. ಅದೇ ಬಣ್ಣ, ಅದೇ ಮೆಟ್ಟಿಲು, ಮೆಟ್ಟಿಲ ತಿರುವಿನಲ್ಲಿ ಅದೇ ಪಾನ್ ಉಗಿದ ಮೂಲೆ. ಹೋದ ವರ್ಷ ಒಂದು ಸಂಜೆ ಕೊತ್ತಂಬರಿ ತರುತ್ತೇನೆಂದು ಇಳಿದ ಅಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಹೆಂಡತಿ ಮಾರ್ಕೆಟ್ಟಿನ ಕಡೆ ಓಡಿದಳು, ನಾನು ಬಸ್ ಸ್ಟಾಪಿನ ಕಡೆ ಓಡಿದೆ. ಕೊನೆಗೆ ಸಿಕ್ಕಿದ್ದು ಪಕ್ಕದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ. ನಮ್ಮದೂ ಮೂರನೇ ಮಾಳಿಗೆಯೇ. ಆ ಮನೆಯ ತಮಿಳು ಹೆಂಗಸು ಕುರ್ಚಿ ಹಾಕಿ, ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬಂದಿರಲಿಲ್ಲವಂತೆ. ಬಾಗಿಲ ಪಕ್ಕದಲ್ಲಿ, ಮೀಟರ್ ಬೋರ್ಡಿನ ಕೆಳಗೆ, ಕೊತ್ತಂಬರಿ ಕಟ್ಟನ್ನು ಎದೆಗೊತ್ತಿಕೊಂಡು ನಿಂತಿದ್ದಳು. ನನ್ನನ್ನು ಕಂಡದ್ದೇ ಏನೂ ಆಗದವಳಂತೆ ನಡೆದು ಬಂದಳು. ಬಿಲ್ಡಿಂಗು ಗುರುತು ಸಿಗಲಿಲ್ಲ ಪಾಪ ಎಂದುಕೊಂಡೆವು. ಡಾಕ್ಟರು, ವಯಸ್ಸಾಯಿತಲ್ಲ, ಮರೆವು ಶುರುವಾಗಿದೆ, ಒಬ್ಬರನ್ನೇ ಬಿಡಬೇಡಿ ಎಂದರು. ಅದಾದ ಮೇಲೂ ಒಂದೆರಡು ಸಲ ಹಾಗೆಯೇ ಆಯಿತು. ಪ್ರತಿ ಸಲವೂ ನಾವು ಊರೆಲ್ಲ ಹುಡುಕಿದ ಮೇಲೆ ಪಕ್ಕದ ಬಿಲ್ಡಿಂಗಿನಲ್ಲೇ ಸಿಕ್ಕಳು.

ಅಮ್ಮನಿಗೆ ಇದ್ದದ್ದು ಒಂದೇ ಆಸೆ, ಉಮ್ರಾ. ಹಜ್ಜಿನಷ್ಟು ದೊಡ್ಡದಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಹೋಗಿಬರಬಹುದಾದ ಮೆಕ್ಕಾ ಯಾತ್ರೆ. ಅಬ್ಬಾ ಮುಂದಿನ ವರ್ಷ, ಮುಂದಿನ ವರ್ಷ ಎಂದು ಹೇಳುತ್ತಲೇ ಹೋಗಿಬಿಟ್ಟರು. ಹೆಂಡತಿಯೇ ಈ ಸಲ ಹಟ ಹಿಡಿದಳು: "ಅಮ್ಮನಿಗೆ ಎಲ್ಲಾ ನೆನಪಿರುವಾಗ್ಲೇ ಕರ್ಕೊಂಡು ಹೋಗ್ರಿ. ಆಮೇಲೆ ಹೋಗಿ ಏನು ಮಾಡ್ತೀರಿ?" ಅವಳಿಗೆ ಮನೆ, ಟ್ಯೂಷನ್ನು, ಮಗಳ ಪರೀಕ್ಷೆ. ಹೊರಡಬೇಕಾದವನು ನಾನೇ. ಲಕ್ಷಾಂತರ ಜನ ಒಂದೇ ಕಡೆ ಸುತ್ತುವ ಜಾಗದಲ್ಲಿ, ಪಕ್ಕದ ಬಿಲ್ಡಿಂಗಿಗೆ ಕಳೆದುಹೋಗುವ ಅಮ್ಮನನ್ನು ಕಾಯಬೇಕು. ನೆನೆಸಿಕೊಂಡರೇ ಸುಸ್ತಾಗುತ್ತಿತ್ತು.

ಡಬ್ಬಿಯ ಯೋಜನೆ ಹೆಂಡತಿಯದ್ದು. ಹೊಸ ಸಿಮ್ಮು ಹಾಕಿದರೆ ನನ್ನ ನಂಬರು ಬಂದ್ ಆಗಿ ಆಫೀಸಿನವರು ಗೋಳಾಡುತ್ತಾರೆ, ಅಮ್ಮನ ಫೋನಿಗೆ ಇನ್ನೊಂದು ಸಿಮ್ಮು ಅಂದರೆ ಅದು ಬೇರೆ ತಲೆನೋವು. ಈ ಡಬ್ಬಿಯೊಂದು ಇದ್ದರೆ ಇಬ್ಬರ ಫೋನಿಗೂ ಇಂಟರ್ನೆಟ್. ಅಮ್ಮನ ಫೋನು ಎಲ್ಲಿದೆಯೆಂಬುದು ಹೆಂಡತಿಯ ಫೋನಿನಲ್ಲಿ ನೀಲಿ ಚುಕ್ಕಿಯಾಗಿ ಕಾಣುತ್ತದೆ. ನನ್ನ ಫೋನಿನಲ್ಲೂ ಕಾಣುತ್ತದೆ. "ಡಬ್ಬಿ, ಫೋನು ಎರಡೂ ಅಮ್ಮನ ಚೀಲದಲ್ಲೇ ಇರ್ಬೇಕು. ನಿಮ್ಮ ಹತ್ರ ಇದ್ರೆ ನೀವು ಕಳೆದುಹೋದಾಗ ಕೆಲಸಕ್ಕೆ ಬರುತ್ತೆ ಅಷ್ಟೇ" ಎಂದು ಹೆಂಡತಿ ನಕ್ಕಳು. ಅಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. "ನನ್ನ ಕೊಳ್ಳಾಗ ಗಂಟಿ ಕಟ್ಟಾಕತ್ತೀರೇನು? ನಾ ಏನು ಆಡು?" ಎಂದಳು.

ಹೊರಡುವ ಮುಂಚೆ ಅಮ್ಮ ಮನೆಯಲ್ಲೇ ತಾಲೀಮು ನಡೆಸಿದಳು. ಕಾಬಾದ ಸುತ್ತ ಏಳು ಸುತ್ತು ಹಾಕಿ, ನಮಾಜು ಮಾಡಿ, ಆಮೇಲೆ ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ನಮ್ಮ ಮನೆಯ ಅಡಿಗೆಕಟ್ಟೆ ಸಫಾ, ಬಾಲ್ಕನಿ ಮರ್ವಾ. ನಡುವೆ ನಡೆಯುತ್ತ ಮೊಮ್ಮಗಳಿಗೆ ಅದರ ಕಥೆ ಹೇಳುತ್ತಿದ್ದಳು. ಒಬ್ಬ ತಾಯಿ, ಕೂಸು ನೀರಿಗೆ ಅಳುತ್ತಿದೆ, ಮರಳುಗಾಡಿನಲ್ಲಿ ಯಾರೂ ಇಲ್ಲ. ಆ ಗುಡ್ಡ ಹತ್ತಿ ನೋಡಿದಳು, ಈ ಗುಡ್ಡ ಹತ್ತಿ ನೋಡಿದಳು. ಮೊಮ್ಮಗಳಿಗೆ ಕನ್ನಡ ಅರ್ಧಂಬರ್ಧ. "ದಾದಿ, ಫಿರ್ ಕ್ಯಾ ಹುವಾ?" ಎಂದು, ಮುಂದೇನಾಯಿತೆಂದು ಕೇಳುತ್ತ ಟೀವಿ ನೋಡುತ್ತಿದ್ದಳು. ಅಮ್ಮ ಹಾಲು ಉಕ್ಕುತ್ತಿದೆಯಾ ಎಂದು ಸಫಾದಲ್ಲಿ ನೋಡಿಕೊಂಡು ಮತ್ತೆ ನಡೆಯುತ್ತಿದ್ದಳು. ಮರೆವಿನವಳೆಂದು ನಾವು ಮುದ್ರೆಯೊತ್ತಿದ ಅಮ್ಮ, ಯಾವುದಾದ ಮೇಲೆ ಯಾವುದು ಎಂಬುದನ್ನು ಒಂದೂ ತಪ್ಪದೆ ಹೇಳುತ್ತಿದ್ದಳು.

ಜೆಡ್ಡಾದಲ್ಲಿ ಇಳಿದದ್ದೇ ಡಬ್ಬಿ ತನ್ನ ಆಟ ತೋರಿಸಿತು. ಅಮ್ಮನ ಚೀಲದಿಂದ ಒಂದು ಬಸ್ಸಿನುದ್ದ ದೂರ ಹೋದರೆ ನೆಟ್ಟು ಮಾಯ. ಹತ್ತಿರ ಬಂದರೆ ನನ್ನ ಫೋನು ಗುಂಯ್ಯೆಂದು ಒದರುತ್ತಿತ್ತು. ನಮ್ಮ ಗುಂಪಿನವರಿಗೆ ಅದು ಹೇಗೋ ಗೊತ್ತಾಗಿ, ಪಾಸ್‌ವರ್ಡ್ ಕೊಡಿ ಭಾಯಿ, ಮನೆಗೊಂದು ಮೆಸೇಜು ಹಾಕ್ತೀನಿ ಅಷ್ಟೇ ಎಂದು ಶುರುವಾಯಿತು. ಯಾತ್ರೆಗೆ ಬಂದವರಿಗೆ ಇಲ್ಲ ಎನ್ನುವುದು ಹೇಗೆ? ಕೊಟ್ಟೆ. ಅಲ್ಲಿಂದ ಮುಂದೆ ಅಮ್ಮ ಎಲ್ಲಿ ಕೂತರೆ ಅಲ್ಲಿ ನಾಲ್ಕು ಜನ ಸುತ್ತಿಕೊಂಡು ಕೂರುವುದು, ಅಮ್ಮ ಬಾತ್‌ರೂಮಿಗೆ ಎದ್ದರೆ "ಅಮ್ಮಾ, ಚೀಲ ಇಲ್ಲೇ ಇಡಿ" ಎನ್ನುವುದು. ಡಬ್ಬಿ ಕಾದು ಹೆಂಚಾಗುತ್ತಿತ್ತು. ಹೋಟೆಲಿನಲ್ಲಿ ಇದ್ದ ಒಂದೇ ಪ್ಲಗ್ಗಿಗೆ ನಾನೂ ಎದುರು ಮಂಚದವನೂ ಮುಖ ಊದಿಸಿಕೊಂಡೆವು. "ಈ ಡಬ್ಬಿಗಿ ನನಕಿಂತ ಹೆಚ್ಚಿನ ಉಪಚಾರ" ಎಂದಳು ಅಮ್ಮ.

ಇನ್ನು ನನ್ನ ಆಫೀಸು. ಅಲ್ಲಾನ ಮನೆಗೆ ಹೊರಟವನಿಗೆ ಸಿ ವಿಂಗಿನ ಏಸಿ ಸೋರುತ್ತಿದೆ ಎಂಬ ಸುದ್ದಿ ಬರುತ್ತಿತ್ತು. ಪಂಪಿನ ಬೀಗದ ಕೈ ಎಲ್ಲಿ, ಫಿಲ್ಟರ್ ಬದಲಿಸುವವನ ನಂಬರ್ ಕೊಡಿ, ಬಾಸು ಸಿಟ್ಟಾಗಿದ್ದಾರೆ. ರಜೆ ಹಾಕಿದ್ದೇನೆ ಎಂದು ಬರೆದರೆ, ರಜೆಯಲ್ಲಿದ್ದೀರಿ ಅಂತ ಗೊತ್ತು, ಸುಮ್ಮನೆ ಕೇಳಿದೆವು ಎಂಬ ಉತ್ತರ. ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ಆ ಬಿಳಿ ಬಟ್ಟೆಯಲ್ಲಿದ್ದಾಗ, ಜಗಳ ಆಡಬಾರದು, ಕೆಟ್ಟ ಮಾತು ಆಡಬಾರದು. ಹಾಗಾಗಿ ಎಷ್ಟೋ ಮಾತನ್ನು ನುಂಗಿಕೊಂಡೆ. ಫೋನನ್ನು ಕಂಡರೆ ಮೈ ಉರಿಯುತ್ತಿತ್ತು.

ಮೆಕ್ಕಾಕ್ಕೆ ಹೊರಟ ಬಸ್ಸಿನಲ್ಲಿ ಹೆಂಗಸರನ್ನು ಮುಂದೆ, ಗಂಡಸರನ್ನು ಹಿಂದೆ ಕೂರಿಸಿದರು. ಅಮ್ಮ ಹಿಂತಿರುಗಿ ನನ್ನನ್ನು ನೋಡಿ ನಗುತ್ತ, "ಲೇಡೀಸ್ ಮುಂದ, ಜನರಲ್ ಹಿಂದ. ಬೊರಿವಲಿಗೆ ಹೊಂಟಂಗಾತು ನೋಡು" ಎಂದಳು. ಬಹಳ ದಿನಗಳ ನಂತರ ಅಮ್ಮ ಹಾಗೆ ಬಾಯಿತುಂಬ ನಕ್ಕದ್ದು.

ಬೊರಿವಲಿಯಲ್ಲಿ ಅಬ್ಬಾನ ತಂಗಿಯ ಮನೆಯಿತ್ತು. ನನ್ನ ಚಿಕ್ಕಂದಿನಲ್ಲಿ ರಜೆಯ ದಿನ ಅಲ್ಲಿಗೆ ಹೋಗುವುದೇ ನಮ್ಮ ಪ್ರವಾಸ. ದಾದರಿನಲ್ಲಿ ಅಮ್ಮ ಲೋಕಲ್ ಟ್ರೇನಿನ ಲೇಡೀಸ್ ಬೋಗಿಗೆ ಹತ್ತುತ್ತಿದ್ದಳು, ಅಬ್ಬಾ ನನ್ನನ್ನು ಹಿಡಿದುಕೊಂಡು ಜನರಲ್ ಬೋಗಿಗೆ. ಆ ನೂಕುನುಗ್ಗಲಿನಲ್ಲಿ ಎಷ್ಟೋ ಸಲ ಅಮ್ಮ ಹತ್ತಿಬಿಡುತ್ತಿದ್ದಳು, ನಾವು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಿದ್ದೆವು. ಆಗೆಲ್ಲಿತ್ತು ಫೋನು? ಅದಕ್ಕೇ ಅಬ್ಬಾ ಒಂದು ಕಾಯಿದೆ ಮಾಡಿದ್ದರು. ಯಾರು ಮುಂದೆ ಹೋದರೋ ಅವರು ಹಿಂದಕ್ಕೆ ಬರಬಾರದು, ಗಾಬರಿಯಾಗಬಾರದು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಗಾಡಿಗಳ ಹೊತ್ತು ತೋರಿಸುವ ಬೋರ್ಡು ಇರುತ್ತದಲ್ಲ, ಆ ಇಂಡಿಕೇಟರಿನ ಕೆಳಗೆ ನಿಂತುಬಿಡಬೇಕು. ಉಳಿದವರು ಹಿಂದಿನ ಗಾಡಿಗೆ ಬರುತ್ತಾರೆ. ನಾವು ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ, ಅಷ್ಟು ಜನರ ನಡುವೆ ಅಮ್ಮ ಇಂಡಿಕೇಟರಿನ ಕೆಳಗೆ ಚೀಲವನ್ನು ಎದೆಗೊತ್ತಿಕೊಂಡು ನಿಂತಿರುತ್ತಿದ್ದಳು. ನಾನು ಅಬ್ಬಾನ ಅಂಗಿ ಹಿಡಿದು ಹಿಂದೆಲ್ಲೋ ಬರುತ್ತಿರುತ್ತಿದ್ದೆ, ಜನರ ಕಾಲುಗಳ ನಡುವೆ ಅವಳಿಗೆ ಕಾಣುತ್ತಿರಲಿಲ್ಲ. ಅಬ್ಬಾನನ್ನು ಕಂಡೊಡನೆ ಅವಳ ಮೊದಲ ಮಾತು, "ಹುಡುಗ ಎಲ್ಲಿ?" ಅಬ್ಬಾ, "ಇಲ್ಲೇ ಹಿಂದ ಅದಾನ" ಎನ್ನುತ್ತಿದ್ದರು. ಒಂದು ಸಲವೂ ಈ ಕಾಯಿದೆ ಕೈಕೊಟ್ಟಿದ್ದಿಲ್ಲ. ಲೋಕಲ್ಲಿನಲ್ಲಿ ಮನೆಮಂದಿಯನ್ನು ಕಟ್ಟಿಕೊಂಡು ಓಡಾಡಿದ ಎಲ್ಲರಿಗೂ ಇಂಥದ್ದೊಂದು ಕಾಯಿದೆ ಇದ್ದೇ ಇರುತ್ತದೆ.

ಮೆಕ್ಕಾ ತಲುಪಿದ ದಿನ ಮಧ್ಯಾಹ್ನ ನಾವು ಹರಮ್‌ಗೆ, ಅಂದರೆ ಕಾಬಾ ಇರುವ ಆ ದೊಡ್ಡ ಮಸೀದಿಗೆ ಹೋದೆವು. ನನ್ನ ಮೈಮೇಲೆ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ. ಅದಕ್ಕೆ ಜೇಬು ಎಲ್ಲಿಂದ ಬರಬೇಕು? ಸೊಂಟದ ಪಟ್ಟಿಯಲ್ಲಿ ಒಂದು ಫೋನು ಮಾತ್ರ ಹಿಡಿಸುತ್ತಿತ್ತು. ಡಬ್ಬಿ ಹೆಂಡತಿಯ ಅಪ್ಪಣೆಯಂತೆ ಅಮ್ಮನ ಕೊರಳ ಚೀಲದಲ್ಲಿ, ಅಮ್ಮನ ಫೋನಿನ ಜೊತೆ. ಅಮ್ಮನ ಕೈ ನನ್ನ ಕೈಯಲ್ಲಿ. ಏಳು ಸುತ್ತು ಆ ಕೈ ಬಿಡಲಿಲ್ಲ. ಅವಳ ತುಟಿ ಅಲುಗುತ್ತಿತ್ತು, ಕಣ್ಣು ತುಂಬಿ ಹರಿಯುತ್ತಿತ್ತು. ನನಗೆ ಮಾತ್ರ, ಹೇಳಲು ನಾಚಿಕೆಯೇನಿಲ್ಲ, ಕಾಲು ನೋಯುತ್ತಿತ್ತು, ಅವಳು ಎಡವದಿದ್ದರೆ ಸಾಕು ಎಂಬುದೊಂದೇ ಪ್ರಾರ್ಥನೆಯಾಗಿತ್ತು.

ಏಳನೆಯ ಸುತ್ತು ಮುಗಿಯುವುದಕ್ಕೂ ಇಳಿಹೊತ್ತಿನ ಅಸರ್ ನಮಾಜಿನ ಕರೆ ಆಗುವುದಕ್ಕೂ ಸರಿಹೋಯಿತು. ಕಾವಲಿನವರು ಹೆಂಗಸರನ್ನು ಬೇರೆ, ಗಂಡಸರನ್ನು ಬೇರೆ ಮಾಡತೊಡಗಿದರು. ಸುತ್ತು ಶುರುವಾಗುವ ಕಡೆ ಗೋಡೆಗೆ ಒಂದು ಹಸಿರು ದೀಪ ಇದೆ. ಅದನ್ನು ಅಮ್ಮನಿಗೆ ತೋರಿಸಿ, "ನಮಾಜು ಆದ್ಮೇಲೆ ಆ ದೀಪದ ಕೆಳಗ ಬಂದು ನಿಂದ್ರಮ್ಮಾ. ಬ್ಯಾರೆ ಎಲ್ಲೂ ಹೋಗಬ್ಯಾಡ" ಎಂದೆ. "ಗೊತ್ತೈತಿ ಹೋಗು" ಎಂದಳು. ಅವಳು ಹೆಂಗಸರ ಕಡೆಗೆ ಹೋದಳು, ನಾನು ಗಂಡಸರ ಸಾಲಿಗೆ ಹೋದೆ.

ನಮಾಜು ಮುಗಿದ ಮೇಲೆ ಜನ ಎದ್ದರು ನೋಡಿ, ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಸಂಜೆ ಆಫೀಸು ಬಿಟ್ಟ ಹಾಗೆ. ಕಾವಲಿನವರು ಹಗ್ಗ ಹಿಡಿದು ಬಂದ ದಾರಿಯನ್ನೇ ಮುಚ್ಚಿ ಎಲ್ಲರನ್ನೂ ಇನ್ನೊಂದು ಕಡೆಗೆ ತಿರುಗಿಸಿಬಿಟ್ಟಿದ್ದರು. ನಾನು ಸುತ್ತಿ ಬಳಸಿ ಹಸಿರು ದೀಪದ ಕೆಳಗೆ ಬಂದು ನೋಡಿದರೆ ಅಮ್ಮ ಇಲ್ಲ. ಬರುತ್ತಾಳೆ ಎಂದು ನಿಂತೆ. ಬರಲಿಲ್ಲ. ಚುಕ್ಕಿ ನೋಡೋಣವೆಂದು ಸೊಂಟದಿಂದ ಫೋನು ತೆಗೆದೆ. ನೆಟ್ಟು ಇಲ್ಲ. ಇರುವುದು ಹೇಗೆ? ನೆಟ್ಟು ಅಮ್ಮನ ಚೀಲದಲ್ಲಿತ್ತು.

ಆಗ ನನಗೆ ನಮ್ಮ ಬುದ್ಧಿವಂತಿಕೆಯೆಲ್ಲ ಒಟ್ಟಿಗೆ ಅರ್ಥವಾಯಿತು. ಅಮ್ಮ ಇರುವ ಜಾಗ ಆಂಟಾಪ್ ಹಿಲ್‌ನಲ್ಲಿ ಕೂತ ನನ್ನ ಹೆಂಡತಿಗೆ ಗೊತ್ತು. ಅದೇ ಮಸೀದಿಯೊಳಗೆ ನಿಂತ ನನಗೆ ಗೊತ್ತಿಲ್ಲ. ಕಪ್ಪು ಬುರ್ಖಾ, ಬಿಳಿ ದುಪಟ್ಟಾ, ಗಿಡ್ಡ ಆಳು ಕಂಡ ಕಡೆಯೆಲ್ಲ ಓಡಿದೆ. ಅಂಥವರು ಅಲ್ಲಿ ಸಾವಿರಾರು. ಒಬ್ಬರ ಮುಖ ಬಗ್ಗಿ ನೋಡಿ ಬೈಸಿಕೊಂಡೆ. ಹೆಂಗಸರ ಕಡೆ ಕಾವಲಿನವರು ಬಿಡಲಿಲ್ಲ. ಅವರ ಅರಬ್ಬಿ ನನಗೆ ತಿಳಿಯದು, ನನ್ನ ಹಿಂದಿ ಅವರಿಗೆ ತಿಳಿಯದು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ನಮ್ಮ ಡಬ್ಬಿಯ ಹೆಸರು ಎಲ್ಲಾದರೂ ಕಾಣಿಸೀತೇ ಎಂದು ನೋಡುತ್ತ ನಡೆದೆ. ಜನ ನಾನು ಫೋಟೋ ತೆಗೆಯುತ್ತಿದ್ದೇನೆಂದು ತಿಳಿದು ಪಕ್ಕಕ್ಕೆ ಸರಿಯುತ್ತಿದ್ದರು. ಅಮ್ಮ ಬಾಯಾರಿಕೆಯಿಂದ ಎಲ್ಲೋ ಕುಸಿದಿರಬಹುದು, ಹೆಸರು ಕೇಳಿದರೆ ಹೇಳಲಾಗದೆ ತಡವರಿಸುತ್ತಿರಬಹುದು. ಅಮ್ಮ ಇಲ್ಲದೆ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲಲಿ ಎಂದು ಯೋಚನೆ ಬಂತು. ಅಳು ಬಂತು, ಅತ್ತೆ.

ಅಳುತ್ತಿದ್ದ ನನ್ನನ್ನು ಕಂಡು ಒಬ್ಬರು ಹತ್ತಿರ ಬಂದರು. ಹೈದರಾಬಾದಿನವರು, ಜೆಡ್ಡಾದಲ್ಲಿ ಕೆಲಸಕ್ಕಿದ್ದವರು. ನನ್ನ ಕಥೆ ಕೇಳಿ, "ಘಬ್ರಾವ್ ನಕ್ಕೋ ಭಾಯಿ, ನಂಬರ್ ಬೋಲೋ" ಎಂದು ಧೈರ್ಯ ಹೇಳಿ, ತಮ್ಮ ಫೋನಿನಿಂದ ನನ್ನ ಹೆಂಡತಿಗೆ ಹಚ್ಚಿ ಕೊಟ್ಟರು.

"ಎಷ್ಟು ಹೊತ್ತಿಂದ ಮೆಸೇಜ್ ಹಾಕ್ತಾ ಇದ್ದೀನಿ, ನೋಡೋದಿಲ್ವಾ?" ಎಂದು ಹೆಂಡತಿ ಶುರುಮಾಡಿದಳು. ಅಮ್ಮ ಜೊತೆಗಿಲ್ಲ ಎಂದೆ.

"ಚುಕ್ಕಿ ಇದೆಯಲ್ರೀ. ಮಸೀದಿ ಮೇಲೇ ಇದೆ. ಸ್ವಲ್ಪ ಎಡಕ್ಕೆ."

"ಯಾರ ಎಡಕ್ಕ?"

"ನನ್ನ ಎಡಕ್ಕೆ. ಫೋನಿನ ಎಡಕ್ಕೆ."

"ನಿನ್ನ ಎಡ ತಗೊಂಡು ನಾ ಏನ್ ಮಾಡ್ಲಿ? ನಾ ಎಲ್ಲಿ ನಿಂತೀನಿ ಅನ್ನೋದೇ ನಂಗ ತಿಳೀವಲ್ದು!" ಇಹ್ರಾಮಿನ ನಿಯಮ ಮರೆತು ಕೂಗಿದೆ. ಹೈದರಾಬಾದಿನವರು ನನ್ನ ಹೆಗಲು ತಟ್ಟಿದರು.

ಹೆಂಡತಿ ಮುಂದುವರಿಸಿದಳು. "ಅಮ್ಮನ ಫೋನಿಗೆ ಮಾಡ್ತಾನೇ ಇದ್ದೀನಿ, ಎತ್ತುತ್ತಿಲ್ಲ. ಸೈಲೆಂಟಿಗೆ ಹಾಕಿಸಿದ್ರಲ್ಲ. ಆದ್ರೆ ಚುಕ್ಕಿ ಅಲುಗಾಡ್ತಿಲ್ಲ ರೀ. ಆಗಲೇ ಹೋಗಿ ಒಂದು ಕಡೆ ನಿಂತಿದ್ದು, ಹಂಗೇ ನಿಂತಿದೆ. ಅಮ್ಮ ಬಿದ್ದುಗಿದ್ದು..."

ಹೆಂಡತಿಗೆ ಯಾವುದು ಭಯ ಹುಟ್ಟಿಸಿತ್ತೋ ಅದೇ ನನ್ನನ್ನು ತಡೆದು ನಿಲ್ಲಿಸಿತು. ಕಳೆದುಹೋದವರು ಅಲೆಯುತ್ತಾರೆ. ಅಮ್ಮ ಅಲೆಯುತ್ತಿಲ್ಲ, ನಿಂತಿದ್ದಾಳೆ. ಹೋಗಿ, ಒಂದು ಕಡೆ ನಿಂತಿದ್ದಾಳೆ. ನಾನು ಇಷ್ಟು ಹೊತ್ತು ಹಿಂದಕ್ಕೆ ಹುಡುಕುತ್ತಿದ್ದೆ, ಬಿಟ್ಟ ಜಾಗದಲ್ಲಿ, ದೀಪದ ಕೆಳಗೆ, ನಮಾಜು ಮಾಡಿದ ಸಾಲಿನಲ್ಲಿ. ನಮ್ಮ ಮನೆಯಲ್ಲಿ ಯಾರು ಯಾವಾಗ ಹಿಂದಕ್ಕೆ ಬಂದಿದ್ದರು? ಲೇಡೀಸು ಬೇರೆ, ಜನರಲ್ಲು ಬೇರೆ ಆದಮೇಲೆ, ನಡುವೆ ಗದ್ದಲವಾಗಿ ಕೈತಪ್ಪಿದ ಮೇಲೆ, ಅಮ್ಮ ಮಾಡುವುದು ಒಂದೇ. ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿಯುತ್ತಾಳೆ.

ನಮಾಜಾದ ಮೇಲೆ ಮುಂದಿನದು ಸಫಾ. ಅಡಿಗೆಕಟ್ಟೆ. ಅವಳು ಮನೆಯಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಹೈದರಾಬಾದಿನವರಿಗೆ ಸಲಾಂ ಹೇಳಿದೆನೋ ಇಲ್ಲವೋ ನೆನಪಿಲ್ಲ. ಓಡಿದೆ. ಈಗ ಆ ಎರಡು ಗುಡ್ಡಗಳೂ ಮಸೀದಿಯ ಒಳಗೇ ಇವೆ, ನಡುವೆ ನುಣ್ಣನೆಯ ಕಲ್ಲು ಹಾಸಿದ ಉದ್ದಾನುದ್ದ ಹಜಾರ. ಸಫಾ ಎಂದು ಬರೆದ ಬಾಣದ ಗುರುತು ನೋಡುತ್ತ, ಜನರನ್ನು ಮಾಫ್ ಮಾಡಿ, ಮಾಫ್ ಮಾಡಿ ಎನ್ನುತ್ತ ನುಗ್ಗಿದೆ. ಹಜಾರದ ಬಾಯಿಗೆ ಬಂದಿದ್ದೆ, ಅಷ್ಟೇ. ಕೈಯಲ್ಲಿದ್ದ ಫೋನು ಗುಂಯ್ಯೆಂದಿತು. ಮತ್ತೊಂದು ಸಲ ಗುಂಯ್ಯೆಂದಿತು. ನೋಡಿದೆ.

"ಸಿ ವಿಂಗ್ ಲಿಫ್ಟ್ ಬಂದ್ ಆಗಿದೆ. ಯಾರನ್ನು ಕರೆಯಲಿ?"

ಆ ಲಿಫ್ಟಿನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆ ಎಂದೂ ಬಂದಿರಲಿಲ್ಲ, ಮುಂದೂ ಬರಲಾರದು. ಬಾಸು ಸಿಟ್ಟಾಗಿದ್ದಾರೆ ಎಂದಿತು ಇನ್ನೊಂದು ಮೆಸೇಜು. ಆಗಲಿ ಎಂದೆ. ಹೆಂಡತಿಯ ಮೆಸೇಜುಗಳು ಒಂದರ ಮೇಲೊಂದು ಬಂದು ಬಿದ್ದವು. ನೆಟ್ಟು ಬಂತೆಂದರೆ ಡಬ್ಬಿ ಬಂತು, ಡಬ್ಬಿ ಬಂತೆಂದರೆ ಅಮ್ಮ ಒಂದು ಬಸ್ಸಿನುದ್ದದೊಳಗೆ ಎಲ್ಲೋ ಇದ್ದಾಳೆ. ಹೋದ ಜೀವ ಬಂದಂತಾಯಿತು. ತಲೆ ಎತ್ತಿ ಸುತ್ತಲೂ ನೋಡಿದೆ.

ಮೇಲಿನಿಂದ ಇಳಿಬಿಟ್ಟ ಒಂದು ದೊಡ್ಡ ಬೋರ್ಡಿನ ಕೆಳಗೆ ಅಮ್ಮ ನಿಂತಿದ್ದಳು. ಚೀಲವನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡಿದ್ದಳು. ಜನ ಅವಳ ಎರಡೂ ಬದಿಗೆ ಹರಿದುಹೋಗುತ್ತಿದ್ದರು, ಅವಳು ಕದಲಿರಲಿಲ್ಲ. ಮುಖದಲ್ಲಿ ಗಾಬರಿಯ ಸುಳಿವಿಲ್ಲ, ಸ್ವಲ್ಪ ಬೇಸರ ಇತ್ತು, ಕಾದು ನಿಂತವರ ಬೇಸರ.

ಹತ್ತಿರ ಹೋಗಿ ನಿಂತೆ. ಅವಳೇ ಮಾತಾಡಿದಳು.

"ಎಷ್ಟು ಹೊತ್ತ್ರೀ? ಹಿಂದಿನ ಗಾಡಿ ಇಷ್ಟು ಲೇಟ್ ಮಾಡ್ತೇನು?"

ನನ್ನೊಂದಿಗೆ ಅಮ್ಮ ಎಂದೂ ಹಾಗೆ ಮಾತಾಡುವವಳಲ್ಲ. ಅದು ಅಬ್ಬಾನ ಜೊತೆ ಆಡುವ ಮಾತು, ಆ ದನಿಯೂ ಅಬ್ಬಾನಿಗೆಂದೇ ಇಟ್ಟದ್ದು. ಬಿಳಿ ಗಡ್ಡ, ಬೋಳು ತಲೆ, ಏದುಸಿರು. ನನ್ನ ಈಗಿನ ವಯಸ್ಸಿನಲ್ಲಿ ಅಬ್ಬಾ ಹೀಗೆಯೇ ಇದ್ದರು. ಅಮ್ಮ ನನ್ನನ್ನು ಕಾಯುತ್ತಿರಲಿಲ್ಲ.

ಅವಳು ನನ್ನ ಬೆನ್ನ ಹಿಂದೆ ಇಣುಕಿದಳು, ಸೊಂಟದ ಎತ್ತರದಲ್ಲಿ, ಜನರ ಕಾಲುಗಳ ನಡುವೆ. ಆಗ ಮೊದಲ ಸಲ ಅವಳ ಮುಖದಲ್ಲಿ ಗಾಬರಿ ಕಂಡಿತು.

"ಹುಡುಗ ಎಲ್ಲಿ?"

ನಾನೇ ಅಮ್ಮಾ, ನಾನೇ ಹುಡುಗ ಎನ್ನಬೇಕಿತ್ತೇನೋ. ಹಾಗೆ ಹೇಳಿದ್ದರೆ ಅಬ್ಬಾ ಇಲ್ಲವೆಂಬುದನ್ನೂ ಅಲ್ಲೇ, ಆ ಜನಜಂಗುಳಿಯ ನಡುವೆ ನಿಲ್ಲಿಸಿ ಹೇಳಬೇಕಾಗುತ್ತಿತ್ತು. ನನ್ನಿಂದ ಆಗಲಿಲ್ಲ.

"ಅದಾನ" ಎಂದೆ. "ಇಲ್ಲೇ ಹಿಂದ ಅದಾನ."

"ಕೈ ಬಿಡಬ್ಯಾಡ್ರಿ ಅವಂದು" ಎಂದಳು. ಮುಖ ಸಡಿಲವಾಯಿತು. ನನ್ನ ಕೈ ಹಿಡಿದುಕೊಂಡಳು, ನಡೆಯತೊಡಗಿದಳು. ಸಫಾದಿಂದ ಮರ್ವಾಕ್ಕೆ, ಮರ್ವಾದಿಂದ ಸಫಾಕ್ಕೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಇರಬೇಕು, ಇದ್ದಕ್ಕಿದ್ದಂತೆ, "ಬೇಟಾ, ಚೀಲದಾಗ ಈ ಡಬ್ಬಿ ಭಾಳ ಸುಡಾಕತ್ತೈತಿ, ನೀನರ ತಗೋ" ಎಂದಳು. ನಾನು ಮತ್ತೆ ನಾನಾಗಿದ್ದೆ. ಕಳೆದುಹೋಗಿದ್ದು, ಕಾದದ್ದು, ಯಾವುದೂ ಅವಳಿಗೆ ನೆನಪಿರಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡೆ. ಹೊಟ್ಟೆ ಸುಟ್ಟಿತು, ಸುಡಲಿ ಎಂದು ಬಿಟ್ಟೆ.

ಮುಂಬಯಿಗೆ ಬಂದ ಮರುದಿನವೇ ಕೆಲಸಕ್ಕೆ ಹಾಜರಾದೆ.

ಮಧ್ಯಾಹ್ನ ಡಬ್ಬಿ ಹಿಂತಿರುಗಿಸಲು ಹೋದೆ. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಹೇಗೆ ಸಾಬ್, ಮನೆಯಲ್ಲೇ ಇದ್ದ ಹಾಗೆ ಆಯಿತೋ ಇಲ್ಲವೋ?" ಎಂದ. ಆಯಿತು ಎಂದೆ. ಅಷ್ಟರಲ್ಲಿ ಲಿಫ್ಟಿನವನ ಫೋನು ಬಂತು.

ಹೆಂಡತಿಗೆ ಎಲ್ಲ ಹೇಳಿದೆ, ಅಮ್ಮ ಕೇಳಿದ ಆ ಒಂದು ಪ್ರಶ್ನೆಯನ್ನು ಮಾತ್ರ ಬಿಟ್ಟು. ಅವಳು ಈಗ ಅಮ್ಮನ ಕೊರಳಿಗೆ ಹಾಕುವ ಇನ್ನೊಂದು ಥರದ ಯಂತ್ರ ಸಿಗುತ್ತದೆಂದು ಫೋನಿನಲ್ಲಿ ತೋರಿಸುತ್ತಾಳೆ. ನೋಡೋಣ ಎನ್ನುತ್ತೇನೆ. ಅಮ್ಮ ಮನೆಯಲ್ಲಿ ಕಾಣದಿದ್ದರೆ ನಾನು ಮಾರ್ಕೆಟ್ಟಿಗೂ ಹೋಗುವುದಿಲ್ಲ, ಬಸ್ ಸ್ಟಾಪಿಗೂ ಹೋಗುವುದಿಲ್ಲ. ಮುಂದಿನ ಬಿಲ್ಡಿಂಗಿಗೆ ಹೋಗಿ ಮೂರನೇ ಮಾಳಿಗೆ ಹತ್ತುತ್ತೇನೆ. ಅಮ್ಮ ಅಲ್ಲಿರುತ್ತಾಳೆ, ಮೀಟರ್ ಬೋರ್ಡಿನ ಕೆಳಗೆ. ತಮಿಳು ಹೆಂಗಸು ಈಗೀಗ ಕುರ್ಚಿ ಹಾಕುವುದಿಲ್ಲ, ಬಾಗಿಲು ತೆರೆದಿಟ್ಟುಕೊಂಡು ತನ್ನ ಕೆಲಸ ಮಾಡುತ್ತಿರುತ್ತಾಳೆ.

ಕೆಲವು ಸಲ ಅಮ್ಮನಿಗೆ ನಾನು ಮಗನೇ ಆಗಿರುತ್ತೇನೆ, ಸುಮ್ಮನೆ ಇಳಿದು ಬರುತ್ತಾಳೆ. ಕೆಲವು ಸಲ ಅಲ್ಲ. ಆಗ ಗಾಡಿ ಲೇಟಾ ಎನ್ನುತ್ತಾಳೆ, ಲೇಟು ಎನ್ನುತ್ತೇನೆ. ಹುಡುಗ ಎಲ್ಲಿ ಎನ್ನುತ್ತಾಳೆ, ಇಲ್ಲೇ ಹಿಂದ ಅದಾನ ಎನ್ನುತ್ತೇನೆ.

ಮೊನ್ನೆ ಏಸಿ ಕೆಟ್ಟು ಇಡೀ ದಿನ ಟೆರೇಸಿನ ಬಿಸಿಲಿನಲ್ಲಿ ನಿಂತು ಬಂದಿದ್ದೆ. ಮನೆಯಲ್ಲಿ ಅಮ್ಮ ಇರಲಿಲ್ಲ. ಚಪ್ಪಲಿ ಕೂಡ ಬಿಡದೆ ಹಾಗೇ ಇಳಿದು ಆ ಮೆಟ್ಟಿಲು ಹತ್ತಿದೆ. ಮೇಲೆ ಹೋಗುವಷ್ಟರಲ್ಲಿ ಕಾಲು ಸೋತು ಗೋಡೆಗೆ ಒರಗಿ ನಿಂತೆ. ಅಮ್ಮ ನನ್ನ ಹಿಂದೆ ಇಣುಕಿ, "ಹುಡುಗ ಎಲ್ಲಿ ಅದಾನ್ರೀ?" ಎಂದಳು.

"ದಣಿದು ನಿದ್ದಿ ಹೋಗ್ಯಾನ" ಎಂದೆ.

"ಅಯ್ಯ ಪಾಪ" ಎಂದಳು ಅಮ್ಮ. ಕೈಯಲ್ಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿಳಿಯಲು ನನ್ನ ಕೈ ಹಿಡಿದುಕೊಂಡಳು. ದನಿ ತಗ್ಗಿಸಿ ಹೇಳಿದಳು:

"ಎಬ್ಬಿಸಬ್ಯಾಡ್ರಿ ಮತ್ತ. ಮಲಗ್ಲಿ. ಸಾವಕಾಶ ಹೋಗೂಣು."